ಗಂಜಿ ಹಾಕಿದ ಶಿರಾಟಾಕಿ

ಬನಹಟ್ಟಿಯ ವೀರಣ್ಣನ ಹೊಟ್ಟೆ ಒಂದು ದಿನದಲ್ಲಿ ಬೆಳೆದದ್ದಲ್ಲ. ಅದರ ಹಿಂದೆ ವರ್ಷಾನುಗಟ್ಟಲೆ ನಿಷ್ಠೆಯ ದುಡಿಮೆ ಇತ್ತು. ಬೆಳಿಗ್ಗೆ ತುಪ್ಪ ಸುರಿದ ಉಪ್ಪಿಟ್ಟು, ಹೊತ್ತೇರಿದ ಮೇಲೆ ಮಿರ್ಚಿ ಭಜಿ, ಮಧ್ಯಾಹ್ನ ಬಿಸಿ ರೊಟ್ಟಿಗೆ ಬೆಣ್ಣೆ, ಸಂಜೆ ತೇರದಾಳ ರಸ್ತೆಯ ಗಾಡಿಯಲ್ಲಿ ಗಿರಮಿಟ್ಟು, ರಾತ್ರಿ ಹಾಲು ಅನ್ನದ ಮೇಲೆ ಮುಧೋಳದ ಬೆಲ್ಲ. ನಡುವೆ ಯಾರ ಮನೆಯಿಂದಲಾದರೂ ಹೋಳಿಗೆ ಬೇಯುವ ವಾಸನೆ ಬಂದರೆ, ಆ ಮನೆಯವರ ಕ್ಷೇಮ ಸಮಾಚಾರ ವಿಚಾರಿಸದೆ ಮುಂದೆ ಹೋಗುವಷ್ಟು ಕಲ್ಲೆದೆ ಆತನದಲ್ಲ.

ಮೊದಲು ಹೀಗಿರಲಿಲ್ಲ. ವೀರಣ್ಣ ಹುಟ್ಟಿದ್ದು ಕೈಮಗ್ಗದ ಮನೆಯಲ್ಲಿ. ಪಡಸಾಲೆಯ ನೆಲದಲ್ಲಿ ಒಂದು ತಗ್ಗು, ತಗ್ಗಿನ ಮೇಲೆ ಮಗ್ಗ. ನೇಯುವವನು ತಗ್ಗಿನ ಅಂಚಿಗೆ ಕುಳಿತು ಕಾಲು ಕೆಳಗಿಳಿಸಿದರೆ ತುಳಿಯುವ ಹಲಗೆಗಳು ಪಾದಕ್ಕೆ ಸಿಗುತ್ತಿದ್ದವು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ತೊಲೆ ತೊಡೆಯ ಮೇಲೆಯೇ, ಹೊಟ್ಟೆಗೆ ಎದುರಾಗಿ ಇರುತ್ತಿತ್ತು. ಅಪ್ಪ ರೇವಪ್ಪ ಆ ತಗ್ಗಿನಲ್ಲಿಯೇ ಕೂರಿಸಿ ಮಗನಿಗೆ ಲಾಳಿ ಎಸೆಯುವುದನ್ನು ಕಲಿಸಿದ. ಆಗ ವೀರಣ್ಣ ಎಷ್ಟು ಸಣಕಲನಾಗಿದ್ದನೆಂದರೆ, ಮಗ್ಗದ ಹಿಂದೆ ಕೂತರೆ ಎಲ್ಲಿದ್ದಾನೆಂದು ಹುಡುಕಬೇಕಾಗುತ್ತಿತ್ತಂತೆ. ಓಣಿಯ ಮುದುಕರು ಈ ಮಾತು ಹೇಳಿದರೆ ಈಗಿನ ಹುಡುಗರು ನಗುತ್ತಾರೆ.

ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷವೇ ವೀರಣ್ಣ ಹಿತ್ತಲಿನಲ್ಲಿ ತಗಡಿನ ಶೆಡ್ಡು ಎಬ್ಬಿಸಿ ಪವರ್‌ಲೂಮ್ ಹಾಕಿದ. ಅಲ್ಲಿಂದ ಆತನ ಕೈಗೂ ಕಾಲಿಗೂ ರಜೆ ಸಿಕ್ಕಿತು. ಮಗ್ಗಗಳು ತಮ್ಮಷ್ಟಕ್ಕೆ ಖಟಪಟ ಎನ್ನುತ್ತಿದ್ದವು, ನೋಡಿಕೊಳ್ಳಲು ಯಮನಪ್ಪನೆಂಬ ಕೆಲಸಗಾರ ಇದ್ದ. ವೀರಣ್ಣ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಕೈ ಕೆಸರಾಗದೆಯೂ ಬಾಯಿ ಮೊಸರಾಗುವ ಕಾಲ ಬಂತು. ಪ್ಲಾಸ್ಟಿಕ್ ಕುರ್ಚಿ ಒಂದೆರಡು ಬಾರಿ ಕಾಲು ಚೆಲ್ಲಿದ ಮೇಲೆ ಕಬ್ಬಿಣದ ಕುರ್ಚಿ ಬಂತು. ಹೆಂಡತಿ ದಾನಮ್ಮನೂ ಸಣ್ಣವಳಾಗಿ ಉಳಿಯಲಿಲ್ಲ; ಗಂಡನಿಗೆ ಮಾಡಿದ ಅಡುಗೆಯ ಋಣ ಆಕೆಯ ಮೈಗೂ ಹತ್ತಿತು. ಪಡಸಾಲೆಯ ಹಳೆಯ ಮಗ್ಗವನ್ನು ಮಾತ್ರ ಯಾರೂ ಕೀಳಲಿಲ್ಲ. ಅದಕ್ಕೆ ಒಂದು ಕಾರಣ ಇತ್ತು.

ಆ ಮನೆಯಲ್ಲಿ ಹಿರಿಮಗಳ ಚೊಚ್ಚಲ ಬಸಿರಿನ ಸೀಮಂತಕ್ಕೆ, ಅಂದರೆ ಕುಬುಸಕ್ಕೆ, ಹಸಿರು ಸೀರೆಯನ್ನು ಅಂಗಡಿಯಿಂದ ತರುವ ಪದ್ಧತಿ ಇಲ್ಲ. ಬಸುರಿ ಮಗಳಿಗೆ ಉಡಿಸುವ ಸೀರೆ ಮನೆಯ ತಗ್ಗಿನ ಮಗ್ಗದಲ್ಲಿಯೇ, ಮನೆಯವರ ಕೈಯಲ್ಲಿಯೇ ಆಗಬೇಕು. ವೀರಣ್ಣನ ಅಕ್ಕ ಸಾವಕ್ಕನ ಕುಬುಸಕ್ಕೆ ರೇವಪ್ಪ ನೇಯ್ದ ಸೀರೆಯನ್ನು ಆಕೆ ಇಂದಿಗೂ ಹಬ್ಬಕ್ಕೆ ಉಡುತ್ತಾಳೆ, ಉಟ್ಟಾಗಲೆಲ್ಲ ಅಳುತ್ತಾಳೆ.

ವೀರಣ್ಣನಿಗೆ ಇದ್ದವಳು ಒಬ್ಬಳೇ ಮಗಳು, ಪ್ರತಿಮಾ. ಮುಧೋಳದ ಒಂದು ಸೊಸೈಟಿಯಲ್ಲಿ ನೌಕರಿ. ಅಳಿಯ ಸಿದ್ದಾರ್ಥನೂ ಅದೇ ಊರಿನಲ್ಲಿ ಮಾಸ್ತರ. ಬೀಗರು ಬೀಳಗಿಯವರು; ಬೀಗ ಚನಮಲ್ಲಪ್ಪ ಅಣೆಕಟ್ಟಿನ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಮೇಲೆ ಅಲ್ಲಿ ಕಿರಾಣಿ ಅಂಗಡಿ ಹಾಕಿದವನು. ತೂಕ, ಅಳತೆ, ಮಾತು ಮೂರರಲ್ಲೂ ಚುರುಕು. ಪ್ರತಿಮಾಗೆ ಮೂರು ತಿಂಗಳೆಂಬ ಸುದ್ದಿ ತಿಳಿದು ವೀರಣ್ಣ ದಂಪತಿ ಪೇಢೆ ಹಿಡಿದುಕೊಂಡು ಬೀಳಗಿಗೆ ಹೋದಾಗ, ಹತ್ತು ಮಂದಿಯ ನಡುವೆ ವೀರಣ್ಣ ಎದೆಯುಬ್ಬಿಸಿ ಹೇಳಿಬಿಟ್ಟ.

"ಕುಬುಸದ ಸೀರಿ ನನ್ನ ಕೈಯಾರೆ ನೇಯ್ದು ತರ್ತೇನಿ ಬೀಗರ. ನಮ್ಮಪ್ಪ ನೇಯ್ದಂಗ, ಕೈಮಗ್ಗದಾಗ."

ಚನಮಲ್ಲಪ್ಪ ಬೀಗನ ಹೊಟ್ಟೆಯನ್ನು ತನ್ನ ಅಂಗಡಿಯ ಗೋಣಿಚೀಲದಂತೆ ಮೇಲಿಂದ ಕೆಳಗೆ ಅಳೆದ. "ನೇಯ್ರಿ, ಬ್ಯಾಡ ಅಂದಾವ್ರ ಯಾರು? ಆದ್ರ ಮಗ್ಗದಾಗ ನೀವು ಕುಂಡ್ರೂದೋ, ನಿಮ್ಮ ಹೊಟ್ಟಿ ಕುಂಡ್ರೂದೋ?"

ಎಲ್ಲರೂ ನಕ್ಕರು. ವೀರಣ್ಣನೂ ನಕ್ಕ, ಆದರೆ ಒಳಗೆ ಚುರುಕ್ ಎಂದಿತು. "ಏಳನೇ ತಿಂಗಳಾಗ ಬಿದ್ದ ಮ್ಯಾಲ ನೋಡ್ರೆಲಾ" ಎಂದು ಮೀಸೆಯ ಮೇಲೆ ಕೈ ಹಾಕಿ ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನವೇ ಹುರುಪಿನಿಂದ ಮಗ್ಗದ ದೂಳು ಕೊಡವಿಸಿದ. ರಬಕವಿಯಿಂದ ಹಸಿರು ನೂಲು ತರಿಸಿ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿಸಿದ. ಎಲ್ಲ ಸಜ್ಜಾದ ಮೇಲೆ, ಹಣೆಗೆ ವಿಭೂತಿ ಎಳೆದುಕೊಂಡು, ಮಗ್ಗಕ್ಕೆ ಕೈ ಮುಗಿದು, ತಗ್ಗಿಗೆ ಕಾಲು ಇಳಿಬಿಟ್ಟ. ಕಾಲು ಹೋದವು, ತೊಡೆ ಹೋದವು. ಹೊಟ್ಟೆ ಮತ್ತು ತೊಲೆ ಎದುರು ಬದುರಾದವು. ಎರಡರಲ್ಲಿ ಯಾವುದೂ ದಾರಿ ಬಿಡಲಿಲ್ಲ. ಹಿಂದೆ ಸರಿಯೋಣವೆಂದರೆ ಅಣ್ಣತಮ್ಮಂದಿರು ಪಾಲಾದಾಗ ಎಬ್ಬಿಸಿದ ಗೋಡೆ ಬೆನ್ನಿಗೇ ಇತ್ತು. ವೀರಣ್ಣ ಉಸಿರು ಒಳಗೆಳೆದು ಜಗ್ಗಿ ಕೂತ, ಕೂತೂಬಿಟ್ಟ. ಆದರೆ ಉಸಿರು ಬಿಟ್ಟ ಕೂಡಲೇ ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬಂದು ಆತ ಗೋಡೆಗೂ ತೊಲೆಗೂ ನಡುವೆ ಸಿಕ್ಕಿಕೊಂಡ.

"ಏ ಯಮನಪ್ಪಾ! ಯಮನಪ್ಪಾ!"

ಯಮನಪ್ಪ ಓಡಿ ಬಂದ. ಒಂದು ಕೈ ಆತ, ಇನ್ನೊಂದು ಕೈ ದಾನಮ್ಮ ಹಿಡಿದು ಬಾವಿಯಿಂದ ಕೊಡ ಎತ್ತುವಂತೆ ಎಳೆದರು. ಅಂಗಿಯ ಗುಂಡಿಗಳು ತಗ್ಗಿನಲ್ಲಿ ಉಳಿದವು, ವೀರಣ್ಣ ಮೇಲೆ ಬಂದ. ಸಂಜೆಯ ಹೊತ್ತಿಗೆ ಸುದ್ದಿ ರಬಕವಿ ದಾಟಿತ್ತು.

ಮಗ್ಗದ ಕಂಬಗಳು ನೆಲದಲ್ಲಿ ಹೂತಿದ್ದರಿಂದ ತೊಲೆ ಸರಿಯುವಂತಿರಲಿಲ್ಲ. ಗೋಡೆಯ ಆಚೆ ತಮ್ಮನ ದೇವರ ಕೋಣೆ. ಉಳಿದದ್ದು ಹೊಟ್ಟೆ ಒಂದೇ, ಅದೇ ಕರಗಬೇಕು. ಏಳನೆಯ ತಿಂಗಳೊಳಗೆ ಕರಗಬೇಕು.

ಮಗಳಿಗೆ ಫೋನು ಹೋಯಿತು. ಅಪ್ಪ ಊಟ ಕಡಿಮೆ ಮಾಡುತ್ತೇನೆಂದು ತಾನಾಗಿಯೇ ಹೇಳಿದ್ದನ್ನು ಕೇಳಿ ಪ್ರತಿಮಾ ಮೊದಲು ಗಾಬರಿಯಾದಳು, ಆಮೇಲೆ ಖುಷಿಯಾದಳು. ಶುಗರ್ ಗಡಿಯ ಮೇಲೆ ಬಂದು ನಿಂತಿದೆ ಎಂದು ಜಮಖಂಡಿಯ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಆ ಮಾತನ್ನು ಆತ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

"ಅಪ್ಪಾ, ನಿಮಗ ಹಸಿವು ತಡ್ಯಾಕ ಆಗೂದಿಲ್ಲ. ಹೊಟ್ಟಿ ತುಂಬಬೇಕು, ಮೈ ಬರಬಾರ್ದು. ಅಂಥಾದ್ದೊಂದು ಐತಿ. ಶಿರಾಟಾಕಿ ಅಂತ, ಜಪಾನದ್ದು, ಶಾವಿಗಿ ಇದ್ದಂಗ. ನಾ ಆನ್‌ಲೈನ್‌ದಾಗ ತರಿಸಿ ಕಳಸ್ತೇನಿ."

"ಶಾವಿಗಿ ತಿಂದ್ರ ಹೊಟ್ಟಿ ಕರಗ್ತೈತೇನವಾ?" ವೀರಣ್ಣನ ದನಿಯಲ್ಲಿ ಹೊಸ ಜೀವ ಬಂತು. ಶಾವಿಗೆ ಎಂದರೆ ಆತನಿಗೆ ಹಾಲು, ತುಪ್ಪ, ಬೆಲ್ಲ ಒಟ್ಟಿಗೇ ನೆನಪಾಗುತ್ತಿದ್ದವು.

ಮುಧೋಳದ ಬಸ್ಸಿನಲ್ಲಿ ಡಬ್ಬ ಬಂತು. ಒಳಗೆ ನೀರು ತುಂಬಿದ ಚೀಲಗಳು, ನೀರಿನಲ್ಲಿ ಮುಳುಗಿದ ಬೆಳ್ಳಗಿನ ಎಳೆಗಳು. ದಾನಮ್ಮ ಒಂದು ಚೀಲ ಕತ್ತರಿಸಿದಳು, ಅಲ್ಲೇ ಕೈಬಿಟ್ಟಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಬಂದಳು.

"ಯವ್ವಾ, ಮೀನ! ಮೀನ ಕಳಿಸ್ಯಾಳಲ್ರೀ ನಿಮ್ಮ ಮಗಳು! ಲಿಂಗಪೂಜಿ ಮಾಡೂ ಮನಿ ಇದು!"

ವೀರಣ್ಣ ಹತ್ತಿರ ಹೋಗಿ ಮೂಸಿ ನೋಡಿದ. ಹೊಳೆಯ ದಂಡೆಯಲ್ಲಿ ಬಲೆ ಒಣಹಾಕಿದ ಕಡೆ ಬರುವ ವಾಸನೆಯೇ ಹೌದು. ಫೋನಿನಲ್ಲಿ ಪ್ರತಿಮಾ ಆಣೆ ಮಾಡಿ ಹೇಳಬೇಕಾಯಿತು. ಅದು ಮೀನಲ್ಲ, ಸುವರ್ಣಗಡ್ಡೆಯ ಜಾತಿಯ ಒಂದು ಗಡ್ಡೆಯ ಹಿಟ್ಟಿನಿಂದ ಮಾಡಿದ್ದು. ವಾಸನೆ ಚೀಲದ ನೀರಿನದು. ನಾಲ್ಕಾರು ಬಾರಿ ತೊಳೆದು, ಕುದಿಸಿ, ಬಸಿದು, ಎಣ್ಣೆ ಹಾಕದೆ ಬಾಣಲೆಯಲ್ಲಿ ನೀರು ಆರುವ ತನಕ ಹುರಿದರೆ ಹೋಗುತ್ತದೆ. ದಾನಮ್ಮ ಒಲ್ಲದ ಮನಸ್ಸಿನಿಂದಲೇ ಹಾಗೆ ಮಾಡಿದಳು. ಬಾಣಲೆಯಲ್ಲಿ ಎಳೆಗಳು ಕೀಂಯ್ ಕೀಂಯ್ ಎಂದವು. ವಾಸನೆ ಖರೇ ಹೋಯಿತು. ಅದರ ಜೊತೆಗೆ ರುಚಿ ಎಂಬುದೇನಾದರೂ ಇದ್ದಿದ್ದರೆ ಅದೂ ಹೋಯಿತು.

ಉಳ್ಳಾಗಡ್ಡಿ, ಟೊಮ್ಯಾಟೊ, ಕೆಂಪುಖಾರ, ಶೇಂಗಾ ಚಟ್ನಿ ಎಲ್ಲ ಹಾಕಿ ತಾಟಿಗೆ ಬಡಿಸಿದಳು. ವೀರಣ್ಣ ಬಾಯಿಗಿಟ್ಟ. ಅಗಿದ. ಮತ್ತೂ ಅಗಿದ. ಎಳೆಗಳು ಹಲ್ಲಿನ ಕೆಳಗೆ ಸಿಗದೆ ಅತ್ತಿತ್ತ ಜಾರಿದವು. ಮಸಾಲೆಯೆಲ್ಲ ತಾಟಿನ ತಳದಲ್ಲಿ ಉಳಿದು, ಬೋಳು ಎಳೆ ಮಾತ್ರ ಬಾಯಿಗೆ ಬರುತ್ತಿತ್ತು.

"ಹೆಂಗೈತ್ರಿ?"

"ಮೋಡಾ ತಿಂದಂಗ ಆತು" ಎಂದ ವೀರಣ್ಣ. ಕಣ್ಣಲ್ಲಿ ನೀರು ಬಂದಿತ್ತು, ಖಾರಕ್ಕಲ್ಲ.

ದಾನಮ್ಮ ತಾನೂ ಒಂದು ತುತ್ತು ತಿಂದು ನೋಡಿದಳು. ಆಕೆಗೆ ಅದು ಅಷ್ಟೇನೂ ಕೆಟ್ಟದೆನಿಸಲಿಲ್ಲ. ಹುಣಸೆ ಹುಳಿ, ಅಗಸಿ ಚಟ್ನಿ ಕಲಸಿಕೊಂಡು ಸುಮ್ಮನೆ ತಿಂದಳು. ಅಂದಿನಿಂದ ಇಬ್ಬರಿಗೂ ಅದೇ ಊಟ. ಇಬ್ಬರ ಮನೆಯಲ್ಲಿ ಎರಡು ಅಡುಗೆ ಏಕೆ ಎಂಬುದು ಆಕೆಯ ಲೆಕ್ಕ. ಈ ಲೆಕ್ಕವನ್ನು ವೀರಣ್ಣ ಗಮನಿಸಲಿಲ್ಲ. ಆತನ ಗಮನವೆಲ್ಲ ತನ್ನ ತಾಟಿನ ದುಃಖದ ಮೇಲಿತ್ತು.

ಒಂದೆರಡು ವಾರ ಆತ ಹಾಗೆಯೇ ತಿಂದ. ಕುರ್ಚಿಯಲ್ಲಿ ಕೂತು ಮಸಾಲೆ ಏಕೆ ಹತ್ತುವುದಿಲ್ಲ ಎಂದು ಯೋಚಿಸಿದ. ಒಂದು ಮಧ್ಯಾಹ್ನ, ಯಮನಪ್ಪ ಹೊಸ ನೂಲು ಸುತ್ತಿದ ಬೀಮಿನ ಉರುಳೆಯನ್ನು ಮಗ್ಗಕ್ಕೆ ಏರಿಸುವುದನ್ನು ನೋಡುತ್ತ ಕೂತಿದ್ದವನು ದಿಗ್ಗನೆ ಎದ್ದ. ಬೀಮಿನ ನೂಲು ಗಂಜಿ ಕುಡಿದು ಗಟ್ಟಿಯಾಗಿ, ನೆಟ್ಟಗೆ ನಿಂತಿತ್ತು. ಹಸಿ ನೂಲನ್ನು ಯಾರಾದರೂ ಹಾಗೆಯೇ ಮಗ್ಗಕ್ಕೆ ಹಾಕುತ್ತಾರೆಯೇ? ಗಂಜಿ ಹಾಕದ ನೂಲು ಜಾರುತ್ತದೆ, ಹರಿಯುತ್ತದೆ, ಯಾವ ಕೆಲಸಕ್ಕೂ ಬರುವುದಿಲ್ಲ. ಈ ಜಪಾನದವರು ನೇಕಾರರಲ್ಲ, ಪಾಪ, ಅವರಿಗೆ ಗೊತ್ತಿಲ್ಲ. ವೀರಣ್ಣನ ಅಜ್ಜ, ಮುತ್ತಜ್ಜ ಎಲ್ಲರೂ ಗಂಜಿಯಲ್ಲಿ ಕೈ ಅದ್ದಿದವರು!

ಅಂದೇ ಆತ ಅಡುಗೆಮನೆಗೆ ಇಳಿದ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟು ಕಟ್ಟದಂತೆ ಕುದಿಸಿ ಗಂಜಿ ಮಾಡಿದ. ನೂಲು ಬಿರುಸಾಗಬಾರದೆಂದು ಗಂಜಿಗೆ ಎಣ್ಣೆ ಬಿಡುವುದು ವಾಡಿಕೆ. ತಿನ್ನುವ ವಸ್ತುವಲ್ಲವೇ ಎಂದು ಆತ ತುಪ್ಪ ಬಿಟ್ಟ, ಕೈ ಧಾರಾಳವಾಗಿಯೇ ಬಿಟ್ಟ. ಹುರಿದ ಶಿರಾಟಾಕಿಯನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಎಳೆ ಎಳೆ ಬಿಡಿಸಿ, ಹಿತ್ತಲಿನ ನೆರಳಲ್ಲಿ ಹಗ್ಗ ಕಟ್ಟಿ ಲಡಿ ಲಡಿಯಾಗಿ ಒಣಹಾಕಿದ.

ಯಮನಪ್ಪ ಬೀಡಿ ಸೇದಲು ಹೊರಗೆ ಬಂದವನು ಹಗ್ಗದ ಮುಂದೆ ನಿಂತ. ಒಂದು ಎಳೆಯನ್ನು ಬೆರಳಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ. "ಮಾಲಕರ, ಇದು ಯಾವ ನಂಬರ್ ನೂಲ್ರಿ? ರೇಷ್ಮಿನೂ ಅಲ್ಲ, ಕಾಟನ್ನೂ ಅಲ್ಲ."

"ಅದು ನನ್ನ ರಾತ್ರಿ ಊಟ. ಬಿಡಲೇ ಕೈ!"

ಗಂಜಿ ಕುಡಿದ ಎಳೆಗಳು ಒಗ್ಗರಣೆಗೆ ಬಿದ್ದಾಗ ಮನೆ ಘಮಘಮ ಎಂದಿತು. ಮಸಾಲೆ ಒಂದೊಂದು ಎಳೆಗೂ ಅಪ್ಪಿಕೊಂಡಿತ್ತು. ವೀರಣ್ಣ ತಾಟು ನೆಕ್ಕಿ, ಇನ್ನೊಂದು ಬಾರಿ ಹಾಕಿಸಿಕೊಂಡ. "ನೀನೂ ತಿನ್ನ" ಎಂದರೆ ದಾನಮ್ಮ ಕೈ ಅಡ್ಡ ಹಿಡಿದಳು. "ಗಂಜಿ ನೂಲಿಗಿರಲ್ರಿ, ನನಗ ಬೋಳದ ಬರೋಬರಿ ಐತಿ" ಎಂದಳು. ರುಚಿ ತಿಳಿಯದ ಹೆಂಗಸು ಎಂದು ವೀರಣ್ಣ ಮನಸ್ಸಿನಲ್ಲೇ ಮರುಗಿದ.

ಆಮೇಲಿನ ದಿನಗಳು ಆತನ ಪಾಲಿಗೆ ಹಬ್ಬ. ಎರಡು ಹೊತ್ತೂ ಗಂಜಿ ಹಾಕಿದ ಶಿರಾಟಾಕಿ. ಪಥ್ಯ ಮಾಡುತ್ತಿರುವವನಿಗೆ ಎಷ್ಟು ತಿಂದರೂ ದೋಷವಿಲ್ಲವಷ್ಟೇ? ಗಿರಮಿಟ್ಟಿನ ಗಾಡಿಯವನು ಏಕೆ ಬರುವುದಿಲ್ಲವೆಂದು ಕೇಳಿದರೆ, "ನಾ ಈಗ ಡಯಟ್‌ದಾಗ ಅದೇನಿ ನೋಡಪ್ಪಾ" ಎಂದು ಗಂಭೀರವಾಗಿ ಹೇಳಿ, ಆತನಿಗೆ ಬೇಸರವಾಗಬಾರದೆಂದು ಒಂದು ತಟ್ಟೆ ತಿಂದು ಬರುತ್ತಿದ್ದ.

ತಿಂಗಳಾದ ಮೇಲೆ ಶೆಡ್ಡಿನಲ್ಲಿ ನೂಲು ತೂಗುವ ಕಾಟಾದ ಮೇಲೆ ನಿಂತ. ಯಮನಪ್ಪ ಕಾಟಾ ನೋಡಿದ, ಮಾಲಕನ ಮುಖ ನೋಡಿದ, ಮತ್ತೆ ಕಾಟಾ ನೋಡಿದ. "ಏರೈತ್ರಿ" ಎಂದ, ಮೆಲ್ಲಗೆ.

"ಕಾಟಾ ಕೆಟ್ಟೈತಿ."

"ಮುಂಜಾನಿ ಇದರ ಮ್ಯಾಲ ನೂಲು ತೂಗೀವ್ರಿ."

"ಹಂಗಾರ ನೂಲೂ ತಪ್ಪು ತೂಗೀರಿ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ರಾತ್ರಿ ಹಾಸಿಗೆಯಲ್ಲಿ ವೀರಣ್ಣನಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಮಗಳೇ ಫೋನು ಮಾಡಿದಳು. ಹೇಗೆ ಮಾಡಿಕೊಂಡು ತಿನ್ನುತ್ತೀರಿ ಎಂದು ಕೇಳಿದಳು. ವೀರಣ್ಣ ತನ್ನ ಶೋಧವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಮೈದಾ ಎಂದ, ತುಪ್ಪ ಎಂದ, ಹಗ್ಗ ಎಂದ. ಆಮೇಲೆ ಪ್ರತಿಮಾ ನಕ್ಕಳು, ನಗುತ್ತ ನಗುತ್ತ ಕೆಮ್ಮಿದಳು, ಕೆಮ್ಮುತ್ತ ಕೆಮ್ಮುತ್ತ ಅಳತೊಡಗಿದಳು.

"ಅಪ್ಪಾ, ಏನ್ ಮಾಡೀರಿ ಇದು! ಅದರಾಗ ಏನೂ ಇಲ್ಲಂತನ ನಾ ಕಳಿಸಿದ್ದು. ಅದಕ್ಕ ಮೈದಾ ಮೆತ್ತಿ ತುಪ್ಪದಾಗ ಕರದು ತಿಂದ್ರ ಅದೂ ಹೋಳಿಗಿನೂ ಒಂದ ಆತಲ್ರೀ. ನನ್ನ ಹೊಟ್ಟಿ ಮುಂದ ಬರಾಕತ್ತೈತಿ, ನಿಮ್ದೂ ಬರಾಕತ್ತೈತಿ. ಬ್ಯಾಡ ಬಿಡ್ರಿ. ಸೀರಿ ಅಂಗಡ್ಯಾಗಿಂದ ತರೂಣು. ನಿಮ್ಮ ಶುಗರ್ ಇಳದ್ರ ಸಾಕು ನನಗ."

"ಬ್ಯಾಡ ಬಿಡ್ರಿ" ಎಂಬ ಆ ಮಾತು ವೀರಣ್ಣನ ಎದೆಗೆ ನಾಟಿತು. ಚನಮಲ್ಲಪ್ಪನ ನಗೆಯನ್ನು ಆತ ತಡೆದುಕೊಂಡಿದ್ದ, ಓಣಿಯವರ ನಗೆಯನ್ನೂ ತಡೆದುಕೊಂಡಿದ್ದ. ಮಗಳು ಆಸೆ ಬಿಟ್ಟದ್ದನ್ನು ಮಾತ್ರ ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಕೂತು, ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸದೆಂದು, ದೊಡ್ಡ ಮನುಷ್ಯ ಚಿಕ್ಕ ಹುಡುಗನಂತೆ ಅತ್ತ.

ಅಲ್ಲಿಂದ ಗಂಜಿ ನಿಂತಿತು, ಗಿರಮಿಟ್ಟೂ ನಿಂತಿತು. ಬೋಳು ಶಿರಾಟಾಕಿಯನ್ನು ಕಣ್ಣು ಮುಚ್ಚಿ ನುಂಗಿದ. ಬೆಳಿಗ್ಗೆ ಜಗದಾಳ ರಸ್ತೆಯಲ್ಲಿ ಏದುಸಿರು ಬಿಡುತ್ತ ನಡೆದ. ಹೊಟ್ಟೆ ಇಳಿಯಿತು, ಇಲ್ಲವೆನ್ನುವಂತಿಲ್ಲ. ಆದರೆ ವರ್ಷಾನುಗಟ್ಟಲೆ ಕಟ್ಟಿದ್ದು ವಾರಗಳಲ್ಲಿ ಕರಗುತ್ತದೆಯೇ? ಏಳನೆಯ ತಿಂಗಳು ಬಂದಾಗ ಆತ ಮತ್ತೆ ತಗ್ಗಿಗೆ ಇಳಿದ. ಈ ಬಾರಿ ಕೂರಲು ಬಂತು, ಲಾಳಿ ಎಸೆಯಲು ಬರಲಿಲ್ಲ. ಮುಂದೆ ಬಾಗಿದರೆ ಉಸಿರು ಕಟ್ಟುತ್ತಿತ್ತು. ಹಸಿರು ಹಾಸು ಹೂಡಿದ್ದು ಹೂಡಿದಂತೆಯೇ ಇತ್ತು. ಕುಬುಸಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ವೀರಣ್ಣ ಎದ್ದು, ಯಾರ ಮುಖವನ್ನೂ ನೋಡದೆ ಶೆಡ್ಡಿಗೆ ಹೋದ. ಅಂದಿನಿಂದ ಪಡಸಾಲೆಯ ಕಡೆಯಿಂದ ಓಡಾಡುವುದನ್ನೇ ಬಿಟ್ಟ, ಹಿತ್ತಲ ಬಾಗಿಲಿನಿಂದಲೇ ಬಂದು ಹೋಗತೊಡಗಿದ.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಇಡೀ ಊರು ಒಮ್ಮೆಲೇ ಬಾಯಿ ಮುಚ್ಚುತ್ತದೆ. ಎಲ್ಲ ಓಣಿಗಳ ಪವರ್‌ಲೂಮ್‌ಗಳು ನಿಂತು, ಕಾಗೆ ಕೂಗುವುದೂ ಕೇಳತೊಡಗುತ್ತದೆ. ಆ ನಿಶ್ಶಬ್ದದಲ್ಲಿ ವೀರಣ್ಣನಿಗೆ ತನ್ನ ಮನೆಯೊಳಗಿಂದಲೇ ಒಂದು ಸದ್ದು ಕೇಳಿತು. ಟಕ್, ಡಬ್. ಟಕ್, ಡಬ್. ಲಾಳಿ ಓಡಿ, ನೂಲು ಒತ್ತುವ ಹಲಗೆ ಬಡಿಯುವ ಸದ್ದು. ಅಪ್ಪ ಸತ್ತ ಮೇಲೆ ಆ ಮನೆಯಲ್ಲಿ ಕೇಳದಿದ್ದ ಸದ್ದು.

ಆತ ಪಡಸಾಲೆಯ ಬಾಗಿಲಿಗೆ ಬಂದು ನಿಂತ. ತಗ್ಗಿನಲ್ಲಿ ದಾನಮ್ಮ ಕೂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಬಳೆಗಳನ್ನು ಮೊಳಕೈತನಕ ಏರಿಸಿದ್ದಳು. ಕುಪ್ಪಸದ ತೋಳು ಜೋಲುತ್ತಿತ್ತು. ತೊಲೆಗೂ ಆಕೆಯ ಹೊಟ್ಟೆಗೂ ನಡುವೆ ಒಂದು ಕೈ ಹೋಗುವಷ್ಟು ಜಾಗ ಇತ್ತು. ಶಿರಾಟಾಕಿ ಸುಳ್ಳು ಹೇಳಿರಲಿಲ್ಲ. ಕರಗಿಸಿತ್ತು, ಆದರೆ ತಾಟು ಬೇರೆಯದಾಗಿತ್ತು. ಇಷ್ಟು ದಿನ ಎದುರಿಗೇ ಕೂತು ಉಂಡ ಹೆಂಡತಿ ಅರ್ಧವಾದದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದು ವೀರಣ್ಣನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಸಿಟ್ಟು ಬಂತು.

"ಏ, ಏನ್ ಮಾಡಾಕತ್ತಿ ಅಲ್ಲೆ? ಹಾಸು ಕೆಡಸ್ತಿ, ಏಳ ಮ್ಯಾಲ!"

ದಾನಮ್ಮ ಏಳಲಿಲ್ಲ. "ನೋಡ್ರಿ ಕೆಟ್ಟಿದ್ರ" ಎಂದು ಲಾಳಿ ಹಿಡಿದುಕೊಂಡೇ ಸ್ವಲ್ಪ ಬಾಗಿದಳು.

ವೀರಣ್ಣ ಬಗ್ಗಿ ಬಟ್ಟೆಯ ಮೇಲೆ ಬೆರಳಾಡಿಸಿದ. ತಪ್ಪು ಹುಡುಕಿದ. ಅಂಚು ನೂಲು ಹಿಡಿದಂತೆ ನೆಟ್ಟಗಿತ್ತು. ಮೇಲೆ ನೋಡಿದ, ತಿರುವಿ ಕೆಳಗೆ ನೋಡಿದ. ಮೊಳಗಟ್ಟಲೆ ಬಟ್ಟೆ ಆಗಲೇ ತೊಲೆಗೆ ಸುತ್ತಿತ್ತು. ಎಂದರೆ ಆತ ಶೆಡ್ಡಿನಲ್ಲಿ ಮುಖ ಮರೆಸಿಕೊಂಡು ಕೂತ ದಿನಗಳಲ್ಲೆಲ್ಲ ಈಕೆ ಇಲ್ಲಿ ಕೂತಿದ್ದಳು, ಪವರ್‌ಲೂಮ್‌ಗಳ ಗದ್ದಲದಲ್ಲಿ ಸದ್ದು ಮುಚ್ಚಿಹೋಗಿತ್ತು.

"ಯಾರ ಕಲಿಸಿದ್ರು ನಿನಗ?"

"ನಮ್ಮಪ್ಪ. ಅವಗ ಗಂಡಮಕ್ಕಳ ಇರಲಿಲ್ಲ. ಲಗ್ನ ಆಗೂತನಕ ರಬಕವಿ ಮನ್ಯಾಗ ನಾನ ತಗ್ಗಿಗೆ ಇಳೀತಿದ್ನಿ. ಇಲ್ಲಿಗೆ ಬಂದ ಮ್ಯಾಲ ನಿಮ್ಮಪ್ಪಾರ ಹೇಳಿದ್ರು, ನಮ್ಮ ಮನ್ಯಾಗ ಸೊಸೆದೇರು ಲಾಳಿ ಕಂಡಿಕಿಗೆ ನೂಲು ಸುತ್ತೂದು, ತಗ್ಗಿಗೆ ಇಳಿಯೂದಲ್ಲ ಅಂತ. ಸುತ್ತಿದ್ನಿ."

"ನನಗ್ಯಾಕ ಹೇಳಲಿಲ್ಲ ಇಷ್ಟ ವರ್ಷ?"

"ನೀವ ಯಾವಾಗ ಕೇಳಿದ್ರಿ?"

ದಾನಮ್ಮ ಹಸಿರು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು, ಆತನ ಕಡೆ ನೋಡದೆ ಹೇಳಿದಳು. "ಪ್ರತಿಮಾ ಹೊಟ್ಟ್ಯಾಗಿದ್ದಾಗ ನನ್ನ ಕುಬುಸಕ್ಕ ನಮ್ಮಪ್ಪ ಇರಲಿಲ್ಲ. ಅಂಗಡಿ ಸೀರಿ ಉಟ್ಟು ಕುಂತಿದ್ನಿ. ಅವತ್ತಿಂದು ನನಗ ಮರ್ತಿಲ್ರಿ. ನನ್ನ ಮಗಳಿಗಿ ಹಂಗ ಆಗಬಾರ್ದು. ನಿಮ್ಮ ಕೈಲೆ ಆಗಿದ್ರ ಛಲೋನ ಇತ್ತು. ಆಗಲಿಲ್ಲ. ತಾಯಿ ಕೈಯೇನು ಮನಿ ಕೈ ಅಲ್ಲೇನು?"

ಮೂವತ್ತು ವರ್ಷ ವೀರಣ್ಣ ಇದು ನನ್ನ ಮಗ್ಗ, ನನ್ನಪ್ಪನ ಮಗ್ಗ ಎಂದುಕೊಂಡಿದ್ದ. ಈಗ ಅದರಲ್ಲಿ ಆಕೆ ಕೂತ ರೀತಿ ನೋಡಿದರೆ, ಮಗ್ಗವೇ ಇಷ್ಟು ದಿನ ಆಕೆಯ ದಾರಿ ಕಾಯುತ್ತಿತ್ತೇನೋ ಎನ್ನಿಸಿ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ಅದು ಆರುವ ತನಕ ಆತ ಮಗ್ಗದ ಪಕ್ಕದಲ್ಲೇ ನಿಂತ.

"ಕಂಡಿಕಿ ಮುಗ್ದಾವು" ಎಂದಳು ದಾನಮ್ಮ, ಖಾಲಿ ಲಾಳಿ ತೋರಿಸಿ. ಏಳಲು ಹೊರಟಳು.

"ಕುಂಡ್ರ" ಎಂದ ವೀರಣ್ಣ. ಮೂಲೆಯಲ್ಲಿದ್ದ ರಾಟೆ ಎಳೆದುಕೊಂಡು ನೆಲಕ್ಕೆ ಕೂತ. ಸೊಂಟ ಹಿಡಿಯಿತು, ಮೊಳಕಾಲು ಕಟಕ್ ಎಂದಿತು. ಲಾಳಿಯೊಳಗೆ ಕೂರಿಸುವ ಆ ಸಣ್ಣ ಕೊಳವೆಗೆ ನೂಲು ಸುತ್ತುವುದು ಹೆಂಗಸರ ಕೆಲಸ, ಕಣ್ಣು ಮುಚ್ಚಿ ಮಾಡಬಹುದು ಎಂದು ತಿಳಿದಿದ್ದ. ಮೊದಲ ಕಂಡಿಕೆ ಗಂಟು ಗಂಟಾಯಿತು. ಎರಡನೆಯದು ಜಾರಿ ಬಿಚ್ಚಿಕೊಂಡಿತು. ದಾನಮ್ಮ ನಗಲಿಲ್ಲ, ನಗದೆ ಇರಲು ಆಕೆ ಪಟ್ಟ ಪಾಡು ಮಾತ್ರ ಮುಖದಲ್ಲಿ ಕಾಣುತ್ತಿತ್ತು. ಕರೆಂಟು ಬಂದು ಶೆಡ್ಡು ಗದ್ದಲ ಶುರುಮಾಡಿದ ಮೇಲೂ ವೀರಣ್ಣ ರಾಟೆ ಬಿಟ್ಟು ಏಳಲಿಲ್ಲ.

ಕುಬುಸದ ದಿನ ಬೀಳಗಿಯ ಮನೆ ತುಂಬಿತ್ತು. ಪ್ರತಿಮಾ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ತವರಿನ ಸೀರೆಯ ಗಂಟು ಬಿಚ್ಚುವಾಗ ಹೆಂಗಸರೆಲ್ಲ ಕತ್ತು ಚಾಚಿದರು. ಹಸಿರು ಒಡಲು, ಕೆಂಪು ಸೆರಗು. ಉಡಿಸಿಕೊಂಡು ಪ್ರತಿಮಾ ಅಪ್ಪನ ಕಡೆ ನೋಡಿದಳು, ಕಣ್ಣು ತುಂಬಿತ್ತು. ಯಾರು ನೇಯ್ದದ್ದೆಂದು ಆಕೆಗೂ ಯಾರೂ ಹೇಳಿರಲಿಲ್ಲ. ಹೇಳುವ ಕೆಲಸ ನಿಮ್ಮದು ಎಂದು ದಾನಮ್ಮ ಗಂಡನಿಗೆ ಬಿಟ್ಟಿದ್ದಳು, ಗಂಡ ಇಂದು ನಾಳೆ ಎನ್ನುತ್ತ ಬಂದಿದ್ದ.

ಚನಮಲ್ಲಪ್ಪ ಸೆರಗಿನ ತುದಿ ಹಿಡಿದು ನೋಡಿ, ಎದ್ದು ಬಂದು ಬೀಗನ ಭುಜದ ಮೇಲೆ ಕೈಯಿಟ್ಟ. "ಬೀಗರ, ಅವತ್ತ ನಾ ನಕ್ಕಿದ್ದು ತಪ್ಪಾತು. ಹೇಳಿದಂಗ ಮಾಡಿ ತೋರಿಸಿದ್ರಿ. ಇಷ್ಟ ಚಂದ ನೇಯ್ಗಿ ನಾ ನೋಡಿಲ್ಲ. ಗಂಡಸ ಅಂದ್ರ ನೀವು."

ಸುತ್ತಲಿನವರು ಹೌದು ಹೌದು ಎಂದರು. ವೀರಣ್ಣನ ಕೈ ತಾನಾಗಿಯೇ ಮೀಸೆಯ ಕಡೆ ಹೋಯಿತು. ಎಷ್ಟೋ ತಿಂಗಳಿಂದ ಆತ ಹಸಿದದ್ದು ಇದೇ ಮಾತಿಗೆ. ಈಗ ಬಡಿಸಿ ಮುಂದಿಟ್ಟಿದ್ದರು, ಸುಮ್ಮನೆ ಇದ್ದರೆ ಸಾಕಿತ್ತು. ಹೆಂಗಸರ ಸಾಲಿನಲ್ಲಿ ದಾನಮ್ಮ ತಲೆ ಮೇಲೆ ಸೆರಗು ಹೊದ್ದು, ಆರತಿಯ ತಟ್ಟೆಯಲ್ಲಿ ಬತ್ತಿ ಸರಿಮಾಡುತ್ತಿದ್ದಳು. ಆಕೆ ಈ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು.

ವೀರಣ್ಣ ಮೀಸೆಯಿಂದ ಕೈ ತೆಗೆದ.

"ನಾ ನೇಯ್ದಿಲ್ರಿ ಬೀಗರ. ನನ್ನ ಹೊಟ್ಟಿ ಮಗ್ಗದಾಗ ಹಿಡೀಲಿಲ್ಲ, ನೀವ ಅಂದದ್ದ ಖರೆ ಆತು. ಈ ಸೀರಿ ನೇಯ್ದಾಕಿ ಅಕಿ, ಪ್ರತಿಮಾನ ಅವ್ವ. ನಾ ಕುಂತು ಕಂಡಿಕಿ ಸುತ್ತಿ ಕೊಟ್ಟೇನಿ, ಅಷ್ಟ."

ಗಂಡಸು ಕಂಡಿಕೆ ಸುತ್ತಿದನೇ, ಹೆಂಗಸು ತಗ್ಗಿಗೆ ಇಳಿ‌ದಳೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಪ್ರತಿಮಾ ಮಣೆಯ ಮೇಲಿಂದಲೇ "ಅವ್ವಾ?" ಎಂದಳು. ದಾನಮ್ಮ ಆರತಿಯ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಎದ್ದು ಬಂದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿದ್ದು ಆಕೆಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಯಿತೋ ಏನೋ. ಮಗಳ ಸೀರೆಯ ಸೆರಗನ್ನು ಕೈಯಲ್ಲಿ ಹರಡಿ ಹಿಡಿದು, ಬೀಗನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹೌದ್ರಿ ಅಣ್ಣಾರ, ನಾನ ನೇಯ್ದೇನಿ. ಇಲ್ಲೆ ನೋಡ್ರಿ, ಸೆರಗಿನಾಗ ಎರಡ ಕಡೆ ಹೊಕ್ಕಿನ ಎಳಿ ಸಡ್ಲ ಬಿದ್ದೈತಿ. ಅದು ನನ್ನ ತಪ್ಪಲ್ಲ. ಕಂಡಿಕಿ ಸುತ್ತಾವ್ರಿಗೆ ಇನ್ನೂ ಕೈ ಕುಂತಿಲ್ಲ."

ಎಲ್ಲರಿಗಿಂತ ಮೊದಲು ನಕ್ಕವಳು ಪ್ರತಿಮಾ.

"ಕಲೀತೇನ್ರಿ" ಎಂದ ವೀರಣ್ಣ, ಹೊಸದಾಗಿ ಕೆಲಸಕ್ಕೆ ಸೇರಿದವನಂತೆ ಹೆಂಡತಿಯ ಮುಂದೆ ತಲೆ ಬಗ್ಗಿಸಿ.